68 ಪರ್ಸೆಂಟ್ ಇದ್ದರೂ ಬಿದ್ದ ರೆಸಲ್ಯೂಷನ್

ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಎಂಡಿ ಕುಟುಂಬದ ಕೈಲಿ 68 ಪರ್ಸೆಂಟ್ ಷೇರು. ಹಳೆಯ ಪಾರ್ಟ್‌ನರ್ ಹತ್ತಿರ 20, ಅವರ ತಂಗಿ ಹೆಸರಲ್ಲಿ 12. "ಮೆಜಾರಿಟಿ ನಮ್ದೇ ಅಲ್ವಾ, ಇಜಿಎಂ ಸುಮ್ನೆ ಫಾರ್ಮಾಲಿಟಿ" ಅಂತ ಎಂಡಿ ಆ ಷೇರುದಾರರ ವಿಶೇಷ ಸಭೆಯ ನೋಟಿಸ್‌ಗೆ ಓಕೆ ಅಂದರು. ಆ ಮಾತು ನೆನಪಾದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಜೆಂಡಾದಲ್ಲಿ ಇದ್ದದ್ದು ಒಂದೇ ವಿಷಯ. ಇರುವ ಒಂದು ಲಕ್ಷ ಷೇರಿನ ಜೊತೆಗೆ ಇನ್ನೂ 30 ಸಾವಿರ ಹೊರಡಿಸಿ, ಅಷ್ಟನ್ನೂ ಎಂಡಿ ಕುಟುಂಬಕ್ಕೇ ಕೊಡುವುದು. ಪಾಸಾದರೆ ಅವರ ಪಾಲು 75 ದಾಟುತ್ತಿತ್ತು. ಆಮೇಲೆ ಆರ್ಟಿಕಲ್ಸ್ (ಕಂಪನಿಯ ಒಳನಿಯಮಗಳು) ತಿದ್ದುವುದಕ್ಕೂ ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ಡೈರೆಕ್ಟರ್ ನೇಮಕ, ಡಿವಿಡೆಂಡ್ ಇವಕ್ಕೆಲ್ಲ ಅರ್ಧಕ್ಕಿಂತ ಒಂದು ವೋಟು ಜಾಸ್ತಿ ಬಿದ್ದರೆ ಸಾಕು. ಆದರೆ ಬೇಕಾದವರಿಗೆ ಮಾತ್ರ ಷೇರು ಕೊಡಬೇಕಾದರೆ 2013ರ ಕಂಪನಿ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಸ್ಪೆಷಲ್ ರೆಸಲ್ಯೂಷನ್ (ವಿಶೇಷ ನಿರ್ಣಯ) ಆಗಬೇಕು. ವಿರುದ್ಧ ಬಿದ್ದದ್ದರ ಕನಿಷ್ಠ ಮೂರು ಪಟ್ಟು ವೋಟು ಪರವಾಗಿ ಬೀಳಬೇಕು. ವೋಟು ಹಾಕದವರು ಲೆಕ್ಕಕ್ಕೇ ಇಲ್ಲ. ತಂಗಿ ಇದ್ದದ್ದು ವಿದೇಶದಲ್ಲಿ. ಅವರ ವೋಟು ಬೀಳದಿದ್ದರೆ 20ರ ಮೂರು ಪಟ್ಟು 60, ಎಂಡಿಗೆ 68 ಸಾಕು. ಬಿದ್ದರೆ 32ರ ಮೂರು ಪಟ್ಟು 96. ಹಾಳೆ ಮೇಲೆ ಬರೆದೇ ತೋರಿಸಿದೆ. "ಅವರೆಲ್ಲಿ ಬರ್ತಾರೆ" ಅಂದರು.

ಮೀಟಿಂಗ್ ಸೋಮವಾರ 11ಕ್ಕೆ. ನಮ್ಮ ಆರ್ಟಿಕಲ್ಸ್‌ನಲ್ಲಿ ಬೇರೆ ನಿಯಮ ಇರಲಿಲ್ಲ, ಹಾಗಾಗಿ ಪ್ರಾಕ್ಸಿ, ಅಂದರೆ ತನ್ನ ಬದಲು ಇನ್ನೊಬ್ಬರು ವೋಟು ಹಾಕಲು ಕೊಡುವ ಪತ್ರ, 48 ಗಂಟೆ ಮೊದಲು ಕೈಸೇರಬೇಕು. ಶನಿವಾರ 10:40ಕ್ಕೆ ತಂಗಿಯ ಪ್ರಾಕ್ಸಿ ಫಾರಂ ಬಂತು. ಸಹಿ, ರೆವಿನ್ಯೂ ಸ್ಟಾಂಪ್, ಫೋಲಿಯೋ ನಂಬರ್ ಎಲ್ಲ ಸರಿ ಇತ್ತು. ಇನ್‌ವರ್ಡ್ ಸೀಲ್ ಹೊಡೆದು ಸಮಯ ಬರೆದೆ.

ಎಂಡಿ ಕ್ಯಾಬಿನ್‌ಗೆ ಕರೆಸಿದರು. ಬಾಗಿಲು ಹಾಕಿಸಿ, "11:10 ಅಂತ ಮಾಡಿ" ಅಂದರು. ಗೋಡೆ ಗಡಿಯಾರದಲ್ಲಿ ಇನ್ನೂ 10:55. ಫೈನಾನ್ಸ್ ಹೆಡ್ ಅಲ್ಲೇ ಕೂತು ಫೋನ್ ನೋಡುತ್ತಿದ್ದರು, ತುಟಿ ಬಿಚ್ಚಲಿಲ್ಲ. ನನ್ನ ಬಾಯಿ ಒಣಗಿಹೋಗಿತ್ತು. "ಆಗಲ್ಲ ಸರ್, ರಿಜಿಸ್ಟರ್‌ಗೂ ಹತ್ತಿಸಿಯಾಗಿದೆ" ಅಂದೆ. ಮುಂದೆ ಮಾತೇ ಇಲ್ಲ. ಗಡಿಯಾರ 11 ದಾಟುವವರೆಗೂ ನನ್ನನ್ನು ನಿಲ್ಲಿಸಿಕೊಂಡೇ ಇದ್ದರು.

ಸೋಮವಾರ ಮೊದಲು ಕೈ ಎತ್ತಿಸಿದರು. ಇದರಲ್ಲಿ ತಲೆಗೊಂದೇ ವೋಟು, ಪ್ರಾಕ್ಸಿಗೆ ವೋಟಿಲ್ಲ. ಎಂಡಿ ಕಡೆ ನಾಲ್ಕು ಕೈ, ಆ ಕಡೆ ಒಂದು. "ಪಾಸ್" ಅನ್ನುತ್ತಿದ್ದ ಹಾಗೇ ಪಾರ್ಟ್‌ನರ್ ಎದ್ದು ಪೋಲ್, ಅಂದರೆ ಷೇರಿನ ಲೆಕ್ಕದಲ್ಲಿ ವೋಟು, ಕೇಳಿದರು. ಹತ್ತರಲ್ಲಿ ಒಂದು ಪಾಲು ವೋಟಿರುವವರು ಕೇಳಿದರೆ ಕೊಡಲೇಬೇಕು. ಆಗ ಷೇರು ಲೆಕ್ಕ ಶುರು. 68 ಸಾವಿರ ಪರ, 32 ಸಾವಿರ ವಿರುದ್ಧ. ರೆಸಲ್ಯೂಷನ್ ಬಿತ್ತು.

"ನೀವು ಯಾರ ಸಂಬಳ ತಿನ್ನೋದು?" ಅಂತ ಆಮೇಲೆ ಎಂಡಿ ಕೇಳಿದರು. ಕಂಪನಿಯದ್ದು. ಆ 32 ಪರ್ಸೆಂಟಿನವರೂ ಇದೇ ಕಂಪನಿಯ ಷೇರುದಾರರೇ ಅಲ್ವಾ?

ಕಂಪನಿಗೆ ದುಡ್ಡು ಬೇಕಿದ್ದದ್ದಂತೂ ನಿಜ. ಕೊನೆಗೆ ರೈಟ್ಸ್ ಇಶ್ಯೂ ಮಾಡಿದರು. ಅದಕ್ಕೆ ಸ್ಪೆಷಲ್ ರೆಸಲ್ಯೂಷನ್ ಬೇಕಿಲ್ಲ, ಎಲ್ಲರಿಗೂ ಅವರವರ ಪಾಲಿನಷ್ಟು ಆಫರ್ ಹೋಗುತ್ತದೆ. ಮೂರೂ ಕಡೆಯವರು ಪೂರ್ತಿ ದುಡ್ಡು ಹಾಕಿದರು. ಪಾಲು 68, 20, 12 ಹಾಗೇ ಉಳಿಯಿತು.