ಆಯುಧಪೂಜೆಯ ರೀಬೂಟ್

17 ಸೆಪ್ಟೆಂಬರ್ 2025, ಬುಧವಾರ

ನಮ್ಮ ನೆಟ್‌ವರ್ಕ್ ಸ್ವಿಚ್‌ನ (ಮಷೀನ್‌ಗಳನ್ನ ನೆಟ್‌ವರ್ಕ್ ಕೇಬಲ್‌ನಲ್ಲಿ ಒಂದಕ್ಕೊಂದು ಜೋಡಿಸೋ ಪೆಟ್ಟಿಗೆ) ಹೊಸ ಫರ್ಮ್‌ವೇರ್, ಅಂದರೆ ಅದರೊಳಗಿನ ಸಾಫ್ಟ್‌ವೇರ್, ಅದರ ರಿಲೀಸ್ ನೋಟ್ ನಾಳೆ ಮಧ್ಯಾಹ್ನದೊಳಗೆ ನೋಡಿ ಕೊಡಬೇಕು. ಕೊನೆಯಲ್ಲಿ ಎಂದಿನಂತೆ ಗೊತ್ತಿರುವ ತೊಂದರೆಗಳ ಪಟ್ಟಿ, ಪಕ್ಕದಲ್ಲಿ ಪರಿಹಾರದ ಕಾಲಂ. ಅರ್ಧಕ್ಕರ್ಧ ಕಡೆ ಒಂದೇ ಸಾಲು: ಡಿವೈಸ್ ರೀಸ್ಟಾರ್ಟ್ ಮಾಡಿ. ಬರೆಯೋದು ಎಷ್ಟು ಸುಲಭ ಅಲ್ವಾ? ನನ್ನ ಟೇಬಲ್ ಮೇಲಿರೋ ಸ್ವಿಚ್‌ಗೆ ಒಂದು ಲ್ಯಾಪ್‌ಟಾಪ್ ಬಿಟ್ಟರೆ ಏನೂ ಸಿಕ್ಕಿಸಿಲ್ಲ. ಪೀಣ್ಯದ ಫ್ಯಾಕ್ಟರಿಗಳಲ್ಲಿ ಅದೇ ಸ್ವಿಚ್‌ಗೆ ಮಷೀನ್ ನಡೆಸೋ ಪಿಎಲ್‌ಸಿ, ಮೋಟಾರಿನ ಡ್ರೈವ್, ಆಪರೇಟರ್ ನೋಡೋ ಎಚ್‌ಎಂಐ ಸ್ಕ್ರೀನ್ ಎಲ್ಲ ಸಿಕ್ಕಿಸಿರುತ್ತಾರೆ. ಒಂದು ಸ್ವಿಚ್ ಆಫ್ ಆದರೇನು, ಸ್ವಿಚ್‌ಗಳನ್ನ ಉಂಗುರದ ಥರ ಜೋಡಿಸಿ ರಿಂಗ್ ಹಾಕಿದ್ದೀವಲ್ಲ ಅಂತಾರೆ. ನಿಜ, ಎಂಆರ್‌ಪಿ ಅನ್ನೋ ಪ್ರೋಟೋಕಾಲ್‌ನ ರಿಂಗ್ 200 ಮಿಲಿಸೆಕೆಂಡಿನೊಳಗೆ ಬೇರೆ ದಾರಿ ಹಿಡಿಯುತ್ತೆ. ಅದು ಮಿಕ್ಕ ಸ್ವಿಚ್‌ಗಳ ಮಾತು. ಆಫ್ ಆದ ಸ್ವಿಚ್‌ಗೆ ನೇರವಾಗಿ ಸಿಕ್ಕಿಸಿದ ಮಷೀನ್ ನಿಂತೇ ನಿಲ್ಲುತ್ತೆ.

ಬೆಳಗ್ಗೆ ಪೀಣ್ಯದಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳೋ ಗೌಡ್ರ ಶೆಡ್‌ಗೆ ಹೋಗಿದ್ದೆ. ಒಂದು ಪೋರ್ಟ್ ಸತ್ತಿತ್ತು, ಕೇಬಲ್ ಬದಲಾಯಿಸಿದ ಮೇಲೆ ಸರಿಹೋಯಿತು. ಆಮೇಲೆ ಕಣ್ಣಿಗೆ ಬಿದ್ದದ್ದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದ್ದ ಹಾಳೆ. ಹಳೇ ರಿಲೀಸ್ ನೋಟಿನ ಅದೇ ಪಟ್ಟಿ. ಮೂಲೆಯಲ್ಲಿ ಕುಂಕುಮ. ಒಂದು ಸಾಲಿನ ಪಕ್ಕದಲ್ಲಿ ಬಾಲ್‌ಪೆನ್ನಲ್ಲಿ ಕನ್ನಡದಲ್ಲಿ ಬರೆದಿತ್ತು: 'ಪೂಜೆ ದಿನ ಆಫ್. ಮೊದಲು ಸೇವ್!!'

ಆ ಸಾಲು 497 ದಿನದ್ದು. ಸ್ವಿಚ್ ಆನ್ ಆಗಿ ಎಷ್ಟು ಹೊತ್ತಾಯಿತು ಅಂತ ಎಸ್‌ಎನ್‌ಎಂಪಿಯಲ್ಲಿ (ಸ್ವಿಚ್‌ನ ಸ್ಥಿತಿಯನ್ನ ದೂರದಿಂದ ಕೇಳೋ ಪ್ರೋಟೋಕಾಲ್) ಹೇಳೋ ಸಿಸ್‌ಅಪ್‌ಟೈಮ್ ಅನ್ನೋ ಲೆಕ್ಕ ಸೆಕೆಂಡಿನ ನೂರನೇ ಒಂದು ಭಾಗವನ್ನ ಎಣಿಸುತ್ತೆ. 32 ಬಿಟ್‌ನಲ್ಲಿ ಹಿಡಿಸೋದು ಸುಮಾರು 429 ಕೋಟಿ. 497 ದಿನಕ್ಕೆ ಅದು ತುಂಬಿ, ಹಳೇ ಸ್ಕೂಟರಿನ ಮೀಟರ್ ಥರ ಮತ್ತೆ ಸೊನ್ನೆಗೆ ಬರುತ್ತೆ. ಸ್ವಿಚ್‌ಗೆ ಏನೂ ಆಗಿರಲ್ಲ. ಆದರೆ ಮಾನಿಟರಿಂಗ್ ಸಾಫ್ಟ್‌ವೇರ್ ಸೊನ್ನೆ ನೋಡಿ 'ರೀಬೂಟ್ ಆಗಿದೆ' ಅಂತ ಕೂಗುತ್ತೆ. ಸ್ಟ್ಯಾಂಡರ್ಡ್‌ನಲ್ಲೇ ಹಾಗಿದೆ, ನಾವು ತಿದ್ದೋ ಹಾಗಿಲ್ಲ. ನಮ್ಮ ನೋಟಿನ ಪರಿಹಾರ: ಅಲಾರಂ ಕಡೆಗಣಿಸಿ.

"ಕಡೆಗಣಿಸಿ ಅಂತ ಹುಡುಗ್ರಿಗೆ ಒಂದ್ಸಲ ಹೇಳ್ಕೊಟ್ರೆ ಮುಗೀತು ಸಾರ್," ಅಂದರು ಗೌಡ್ರು. "ನಿಜವಾದ ಅಲಾರಂ ಬಂದಾಗ್ಲೂ ಟೀ ಕುಡೀತಾ ಕೂತಿರ್ತಾರೆ."

ಅವರ ಪರಿಹಾರ ಆಯುಧಪೂಜೆ. ಹೇಗೂ ಅವತ್ತು ಲೈನ್ ನಿಲ್ಲುತ್ತೆ, ಮಷೀನ್ ತೊಳೆಯುತ್ತಾರೆ, ಬೂದುಗುಂಬಳಕಾಯಿ ಒಡೆಯುತ್ತಾರೆ. ಕಾನ್ಫಿಗ್, ಅಂದರೆ ಸ್ವಿಚ್‌ನ ಸೆಟ್ಟಿಂಗ್, ಸೇವ್ ಮಾಡಿ ಕರೆಂಟಿನ ಮೇನ್ ಇಳಿಸಿದರೆ ಎಲ್ಲ ಲೆಕ್ಕ ಸೊನ್ನೆಯಿಂದ ಶುರು. ಅಧಿಕಮಾಸ ಬಂದರೂ ಒಂದು ಪೂಜೆಯಿಂದ ಇನ್ನೊಂದಕ್ಕೆ 385 ದಿನ ದಾಟಲ್ಲ. 497 ಬರೋದೇ ಇಲ್ಲ! ಪಂಚಾಂಗ ನೋಡಿ ಮಾಡಿದ ಮೆಂಟೆನೆನ್ಸ್ ಪ್ಲಾನ್ ಇದು. ಯುಪಿಎಸ್ ಬರೋ ಮುಂಚೆ ಅದೂ ಬೇಕಿರಲಿಲ್ಲವಂತೆ, ಕರೆಂಟೇ ಹೋಗಿ ಬಂದು ಆ ಕೆಲಸ ಮಾಡುತ್ತಿತ್ತು.

ಹೋದ ವರ್ಷ ಅರ್ಜೆಂಟ್ ಆರ್ಡರ್. ಪೂಜೆ ಆಯಿತು, ಮೇನ್ ಇಳಿಸಲಿಲ್ಲ. 2023ರ ದಸರಾ ಮುಗಿದು ಆನ್ ಮಾಡಿದ್ದ ಸ್ವಿಚ್‌ಗಳು ಈ ಸಲ ಶಿವರಾತ್ರಿಯ ಮುಂದಿನ ವಾರ, ಊಟದ ಹೊತ್ತಲ್ಲಿ, ಎಲ್ಲ ಒಟ್ಟಿಗೆ ಸೊನ್ನೆಗೆ ಬಂದವು. ಒಟ್ಟಿಗೆ ಆನ್ ಮಾಡಿದ್ದಲ್ವಾ? ಸ್ಕ್ರೀನ್ ಪೂರ್ತಿ ಕೆಂಪು. ಗೌಡ್ರು ತಟ್ಟೆ ಬಿಟ್ಟು ಪ್ಯಾನೆಲ್ ರೂಮಿಗೆ ಓಡಿದರೆ, ಎಲ್ಲ ಎಲ್‌ಇಡಿ ಹಸಿರಾಗಿ ಮಿಣಮಿಣ ಅಂತಿದ್ದವು.

ಸರಿಯಾದ ದಾರಿ ಇಲ್ಲದೆ ಇಲ್ಲ. ಎಸ್‌ಎನ್‌ಎಂಪಿ ಮೂರನೇ ವರ್ಷನ್‌ನಲ್ಲಿ ಎಂಜಿನ್‌ಟೈಮ್ ಅಂತ ಇದೆ, ಅದು ಸೆಕೆಂಡ್ ಎಣಿಸುತ್ತೆ, ತುಂಬೋಕೆ 68 ವರ್ಷ ಬೇಕು. ಹೇಳಿದೆ. "ಅಷ್ಟೊತ್ತಿಗೆ ನಾನೂ ಇರಲ್ಲ, ಈ ಶೆಡ್ಡೂ ಇರಲ್ಲ ಬಿಡಿ" ಅಂತ ನಕ್ಕರು. ಆದರೆ ಅವರ ಮಾನಿಟರಿಂಗ್ ಸಾಫ್ಟ್‌ವೇರ್ ಹಳೇದು, ಮೂರನೇ ವರ್ಷನ್ ಅದಕ್ಕೆ ಗೊತ್ತೇ ಇಲ್ಲ. ಹೊಸದಕ್ಕೆ ದುಡ್ಡು ಯಾರು ಕೊಡ್ತಾರೆ?

ಆಫ್ ಮಾಡಿದರೂ ಇನ್ನೊಂದು ರಗಳೆ. ಈ ಮಾಡೆಲ್‌ನಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಸರಿಯಾದ ಟೈಮ್ ಕೊಡೋ ಎನ್‌ಟಿಪಿ ಸರ್ವರ್ ಸಿಗೋವರೆಗೆ ಲಾಗ್ ತುಂಬಾ 1970 ಜನವರಿ 1, ಬೆಳಗ್ಗೆ 5:30. ಅದರ ಗಡಿಯಾರದ ಸೊನ್ನೆ ಅದೇ ದಿನ, ನಮ್ಮ ಟೈಮ್ ಝೋನ್ ಹಾಕಿದ್ದಕ್ಕೆ ಆ ಐದೂವರೆ. ಇದು ನೋಟಿನ ಪಟ್ಟಿಯಲ್ಲೇ ಇಲ್ಲ, ನಾಳೆ ಸೇರಿಸಬೇಕು.

ಬನಶಂಕರಿವರೆಗೆ ಮೆಟ್ರೋದಲ್ಲಿ ನಿಂತೇ ಬಂದೆ. ಅಕ್ಕನ ಫೋನು: ಭಾನುವಾರ ಮಹಾಲಯ ಅಮಾವಾಸ್ಯೆ, ಎಡೆ ಇಡೋ ಹೊತ್ತಿಗಾದ್ರೂ ಬರ್ತೀಯಾ? ಬರ್ತೀನಿ ಅಂದೆ. ಅನ್ನ ಸಾರು ತಿಂದು ಮತ್ತೆ ಆ ಪಟ್ಟಿ ತೆಗೆದೆ.

'ಕಡೆಗಣಿಸಿ' ಅನ್ನೋದನ್ನ ಹೊಡೆದು ಹಾಕಿದ್ದೀನಿ. 'ವರ್ಷಕ್ಕೊಮ್ಮೆ ಲೈನ್ ನಿಲ್ಲಿಸುವ ದಿನ ಕಾನ್ಫಿಗ್ ಸೇವ್ ಮಾಡಿ, ಪವರ್ ಆಫ್ ಮಾಡಿ ಮತ್ತೆ ಆನ್ ಮಾಡಿ' ಅಂತ ಬರೆದೆ. ಮ್ಯಾನೇಜರ್ ಒಪ್ಪುತ್ತಾರೋ ಇಲ್ಲವೋ. ಪೂಜೆಗೆ ಇನ್ನು ಎರಡೇ ವಾರ, ಈ ಸಲವೂ ಆರ್ಡರ್ ಇದೆ, ಮೇನ್ ಇಳಿಸೋದು ಡೌಟು ಅಂತ ಗೌಡ್ರು ಹೇಳುತ್ತಿದ್ದರು. ಇಳಿಸದಿದ್ದರೆ ಲೆಕ್ಕದ ಪ್ರಕಾರ ಮುಂದಿನ ಜುಲೈ ಮಧ್ಯದಲ್ಲಿ ಮತ್ತೆ ಸ್ಕ್ರೀನ್ ಕೆಂಪಾಗುತ್ತೆ. ಗೌಡ್ರು ಅದಕ್ಕೂ ಮುಂಚೆ, ಮೇ ತಿಂಗಳಲ್ಲೇ ರಿಟೈರ್. ಅವರ ಜಾಗಕ್ಕೆ ಬರೋ ಹುಡುಗ ಇವತ್ತು ಪಕ್ಕದಲ್ಲೇ ನಿಂತಿದ್ದ, ಬಾಗಿಲ ಮೇಲಿನ ಹಾಳೆ ಹಳೇದಾಯ್ತು ಸಾರ್, ಕಿತ್ತು ಹಾಕಿ ನೀಟಾಗಿ ಹೊಸದು ಅಂಟಿಸ್ಲಾ ಅಂತ ಕೇಳ್ತಾ ಇದ್ದ.