ಕಪ್ಪಗಿದ್ರೆ ಸಾಕಾ, ಕಡಕ್‌ನಾಥ್ ಆಗ್ಬಿಡುತ್ತಾ?

ಕಡಕ್‌ನಾಥ್ ಅನ್ನೋ ಕರೀ ಕೋಳಿ ಸಾಕ್ತೀನಿ ಅಂದ ತಕ್ಷಣ ಜನ ಮೊದ್ಲು ಕೇಳೋದೇ ಮೊಟ್ಟೆನೂ ಕಪ್ಪಾ ಅಂತ. ಇಲ್ಲಪ್ಪಾ, ತಿಳಿ ಕಂದು, ಸ್ವಲ್ಪ ಗುಲಾಬಿ ಛಾಯೆ, ಅಷ್ಟೇ. ವಾಟ್ಸಾಪಲ್ಲಿ ಓಡಾಡೋ ಕಡುಗಪ್ಪು ಮೊಟ್ಟೆ ಫೋಟೋ ಎಲ್ಲ ಬೋಗಸ್. ರಕ್ತಾನೂ ಕೆಂಪೇ. ಕಪ್ಪಿರೋದು ಚರ್ಮ, ಮಾಂಸ, ನಾಲಿಗೆ, ಮೂಳೆ ಮೇಲಿನ ಪೊರೆ, ಇಂಥವು.

ಇದು ಮಧ್ಯಪ್ರದೇಶದ ಜಾಬುವಾ, ಅಲಿರಾಜಪುರ, ಧಾರ್ ಕಡೆ ತಳಿ, ಅಲ್ಲಿನ ಭಿಲ್, ಭಿಲಾಲ ಜನ ತಲೆತಲಾಂತರದಿಂದ ಮನೆ ಹಿತ್ತಲಲ್ಲಿ ಉಳಿಸ್ಕೊಂಡು ಬಂದಿರೋದು. 2018ರಲ್ಲಿ ಜಿಐ ಟ್ಯಾಗ್ (ಇದು ಇಂಥ ಊರಿನದ್ದೇ ಅನ್ನೋ ಸರ್ಕಾರಿ ಗುರುತು) ಸಿಕ್ತು, ಛತ್ತೀಸ್‌ಗಢದ ದಂತೇವಾಡದವ್ರೂ ನಮಗೇ ಕೊಡಿ ಅಂತ ಬಂದಿದ್ರು. ಆದ್ರೆ ಸಿಕ್ಕಿದ್ದು ಜಾಬುವಾದ ಮಾಂಸಕ್ಕೆ, ತುಮಕೂರು ಕಡೆ ಸಾಕಿರೋ ಕೋಳಿಗೆ ಜಿಐ ಕೋಳಿ ಅಂತ ಬೋರ್ಡ್ ಹಾಕೋರನ್ನ ನೋಡಿದ್ರೆ ನಗು ಬರುತ್ತೆ.

ಈಗ ಅಸಲಿ ವಿಷ್ಯ. ಕಪ್ಪು ತರೋ ಜೀನ್ ಡಾಮಿನೆಂಟು, ಹುಂಜ ಹ್ಯಾಟೆ ಇಬ್ಬರಲ್ಲಿ ಒಬ್ಬರಿಂದ ಬಂದ್ರೂ ಸಾಕು. ಅದಕ್ಕೆ ಅಡ್ಡಗಾಲು ಹಾಕೋ ಇನ್ನೊಂದು ಜೀನ್ ಬಿಳಿ ಕಾಲು, ಹಳದಿ ಕಾಲಿನ ಕೋಳಿಗಳಲ್ಲಿರುತ್ತೆ, ಹ್ಯಾಟೆ ಅದನ್ನ ಕೊಡೋದು ಗಂಡು ಮರಿಗೆ ಮಾತ್ರ. ಹಂಗಾಗಿ ಕಡಕ್‌ನಾಥ್ ಹುಂಜನ್ನ ಹಳದಿ ಕಾಲಿನ ಹ್ಯಾಟೆ ಜೊತೆ ಬಿಟ್ರೆ ಹೆಣ್ಣು ಮರಿ ಕಪ್ಪು, ಗಂಡು ಮರಿ ಮಂಕು ಬಣ್ಣ. ಅದೇ ಕಪ್ಪು ಕಾಲಿನ ನಾಟಿ ಹ್ಯಾಟೆ ಆದ್ರೆ (ನಮ್ ಕಡೆ ಬೇಕಾದಷ್ಟಿವೆ) ಮರಿ ಎಲ್ಲಾ ಕಪ್ಪೇ! ಸಂತೇಲಿ ಕಡಕ್‌ನಾಥ್ ಅಂತ ಕೈಗಿಡೋದು ಎಷ್ಟೋ ಸಲ ಇವನ್ನೇ, ಬಾಯಿ ತೆಗೆಸಿ ನಾಲಿಗೆ ನೋಡಿದ್ರೂ ಗೊತ್ತಾಗಲ್ಲ. ಅಂಥವೆರಡನ್ನ ಕೂಡಿಸಿದಾಗ ಬಣ್ಣ ಬಯಲಾಗುತ್ತೆ, ಸುಮಾರು ನಾಲ್ಕರಲ್ಲೊಂದು ಮರಿ ಮಾಮೂಲಿ ಚರ್ಮದ್ದೇ ಬರುತ್ತೆ. ಅದಕ್ಕೇ ನಾನು ಕೋಳಿ ನೋಡಿ ತಗೊಳಲ್ಲ, ಅದರ ಮರಿಗಳನ್ನ ತೋರ್ಸಿ ಅಂತೀನಿ.

ಹೊಸ ಹ್ಯಾಟೆ ತಂದ್ರೆ ಮೂರು ವಾರ ಹುಂಜನ ಹತ್ರ ಬಿಡಲ್ಲ. ಹಿಂದೆ ಕೂಡಿದ್ದ ಹುಂಜನ ವೀರ್ಯ ಅದರ ಹೊಟ್ಟೇಲಿ ಎರಡು ಮೂರು ವಾರ ಜೀವಂತ ಇರುತ್ತೆ, ಆ ಟೈಮಲ್ಲಿ ಇಟ್ಟ ಮೊಟ್ಟೆ ಆಮ್ಲೆಟ್ಟಿಗೆ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು, ಆದ್ರೆ ಅದೇ ಹುಂಜನ್ನ ಅದರ ಮಕ್ಕಳ ಮೇಲೇ ವರ್ಷಗಟ್ಲೆ ಬಿಟ್ರೆ ಮೊಟ್ಟೆ ಒಡೆದು ಮರಿ ಬರೋದು ಕಮ್ಮಿ ಆಗುತ್ತೆ, ಮರಿ ಬಡಕಲಾಗುತ್ತೆ. ದೂರದೂರಲ್ಲಿ ಸಾಕೋ ಒಬ್ರು ಹತ್ರ ಹುಂಜ ಬದಲಾಯಿಸ್ಕೊಳ್ತೀನಿ, ದುಡ್ಡಿನ ಮಾತೇ ಇಲ್ಲ.

ಇನ್ನೊಂದು ತಲೆನೋವು, ಇವಕ್ಕೆ ಕಾವಿಗೆ ಕೂರೋ ಬುದ್ಧಿ ಕಮ್ಮಿ. ಮೊಟ್ಟೆ ಇಟ್ಟು ಎದ್ದು ಹೋಗ್ತಾ ಇರ್ತವೆ. ನಾನು ನಾಟಿ ಹ್ಯಾಟೆ ಕೆಳಗೆ ಇಡ್ತೀನಿ, ವಾರದೊಳಗಿನ ಮೊಟ್ಟೆ ಮಾತ್ರ, ಏಳನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿ ನರ ಕಾಣದೇ ಇರೋದನ್ನ ತೆಗೆದು ಹಾಕೋದು, 21 ದಿನಕ್ಕೆ ಮರಿ. ಕೆಂಪು ಹ್ಯಾಟೆ ಹಿಂದೆ ಕರೀ ಮರಿ ಓಡೋದು ನೋಡಿ ಪಕ್ಕದ ತೋಟದ ಅಜ್ಜಿ, "ಇದೇನ್ಲಾ ಮಗಾ, ಕಾಗೆ ಮರಿ ಸಾಕ್ತಿದೀಯಾ?" ಅಂತ ಈಗ್ಲೂ ರೇಗಿಸ್ತಾರೆ.

ಗಟ್ಟಿ ತಳಿ, ರೋಗ ಬರಲ್ಲ ಅನ್ನೋದನ್ನ ನಂಬ್ಬೇಡಿ. ರಾಣಿಖೇತ್ ಬಂದ್ರೆ ಕಡಕ್‌ನಾಥೂ ಸಾಯುತ್ತೆ, ಮೊದಲ ವಾರದಲ್ಲೇ ಲಸೋಟ ಲಸಿಕೆ ಹಾಕ್ಸಿ, ಎರಡು ತಿಂಗಳ ಹೊತ್ತಿಗೆ ಇನ್ನೊಂದು ಲಸಿಕೆ ಆರ್‌ಟುಬಿ. ಒಂದೂವರೆ ಕೆಜಿ ಆಗೋಕೆ ಐದಾರು ತಿಂಗಳು ಹಿಡಿಯುತ್ತೆ, ಬ್ರಾಯ್ಲರ್ ಲೆಕ್ಕ ಇಟ್ಕೊಂಡು ಬಂದೋರು ಫೀಡ್ ಖರ್ಚಲ್ಲೇ ಸುಸ್ತಾಗ್ತಾರೆ. ಬೈಬ್ಯಾಕ್ ಮಾಡ್ತೀವಿ, ಅಂದ್ರೆ ಮರಿ ಕೊಟ್ಟು ಬೆಳೆದ ಮೇಲೆ ನಾವೇ ಕೊಳ್ತೀವಿ ಅನ್ನೋರಿಂದ ಅಂತೂ ದೂರ ಇರಿ, 2019ರಲ್ಲಿ ಮಹಾರಾಷ್ಟ್ರದ ರೈತರು ಅದರಲ್ಲೇ ಮುಳುಗಿದ್ದು.

ಈ ತಳೀಲಿ ಮೂರು ಬಗೆ ಇದೆ, ಪೂರ್ತಿ ಕಪ್ಪಿನ ಜೆಟ್ ಬ್ಲ್ಯಾಕು, ಗೆರೆ ಗೆರೆ ಪುಕ್ಕದ ಪೆನ್ಸಿಲ್ಡು, ಹೊಂಬಣ್ಣದ ಗೋಲ್ಡನ್ನು. ಪುಕ್ಕ ಬೇರೆ ಬೇರೆ, ಒಳಗೆ ಎಲ್ಲಾ ಕಪ್ಪೇ. ಆದ್ರೆ ಮರಿ ಕೇಳೋರಿಗೆಲ್ಲ ಜೆಟ್ ಬ್ಲ್ಯಾಕೇ ಬೇಕು, ಕುತ್ತಿಗೇಲಿ ಒಂದು ಹೊಂಬಣ್ಣದ ಪುಕ್ಕ ಕಂಡ್ರೂ "ಇದು ಕ್ರಾಸ್ ಅಲ್ವಾ ಸಾರ್" ಅಂತಾರೆ, ಅವರಿಗೆ ಹೇಳಿ ಹೇಳಿ ಸಾಕಾಗಿದೆ. ನಮ್ಮ ಗುಂಪಲ್ಲಿ ಈಗಿರೋ ಹುಂಜ ಗೋಲ್ಡನ್ನೇ. ಬೇಡ ಅನ್ನೋರಿಗೆ ಬಲವಂತ ಇಲ್ಲ, ಅದರ ಮರಿ ನಾನೇ ಇಟ್ಕೋತೀನಿ.