ಹಿಂದೆ ಬಿದ್ದ ಮಕ್ಕಳನ್ನು ಮುಂದೆ ತರೋದು ಹೆಂಗ್ರಿ ಟೀಚರ್?

ಬಿ.ಎಡ್ ಓದುತ್ತಿದ್ದೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಇಂಡಿ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಮದುವೆ ಮನೆಯಲ್ಲಿ ಅತ್ತೆ, ಕಾಕಾ ಕೇಳುತ್ತಾರೆ. "ನಮ್ಮ ಹುಡುಗ ಓದಿನಾಗ ಭಾಳ ಹಿಂದ ಅದಾನ. ಏನ್ ಮಾಡ್ಬೇಕ್ರಿ?" ಕಾಲೇಜಿಗೆ ಸೇರಿದ ಹೊಸತರಲ್ಲಿ ನನ್ನ ಹತ್ತಿರ ಉತ್ತರ ರೆಡಿ ಇತ್ತು. ಟೀಚರ್ ಚೆನ್ನಾಗಿ ಪಾಠ ಮಾಡಬೇಕು, ಹುಡುಗ ಕಷ್ಟಪಟ್ಟು ಓದಬೇಕು, ಅಷ್ಟೇ. ಈಗ ಎರಡನೇ ವರ್ಷದಲ್ಲಿದ್ದೇನೆ. ಆ ಮಾತು ಹೇಳೋಕೆ ಬಾಯಿ ಬರುವುದಿಲ್ಲ.

ನಾನು ಹಾಗೆ ನಂಬಿದ್ದಕ್ಕೆ ಕಾರಣ ಇತ್ತು. ನಾನು ಓದಿದ್ದೇ ಹಾಗೆ. ಮಾಸ್ತರು ಹೇಳಿದರು, ನನಗೆ ತಿಳಿಯಿತು, ಮಾರ್ಕ್ಸ್ ಬಂತು. ತಿಳಿಯದೆ ಕೂತವರ ತಲೆಯಲ್ಲಿ ಏನು ನಡೆಯುತ್ತಿತ್ತು ಅಂತ ಯೋಚನೆ ಮಾಡುವ ಪ್ರಸಂಗವೇ ನನಗೆ ಬರಲಿಲ್ಲ. ಪಕ್ಕದಲ್ಲಿ ಕೂತ ಗೆಳತಿ ಎಂಟನೇ ತರಗತಿಗೆ ಶಾಲೆ ಬಿಟ್ಟಳು. ಅವಳಿಗೆ ಓದು ಹತ್ತಲಿಲ್ಲ ಅಂದುಕೊಂಡು ಸುಮ್ಮನಾಗಿದ್ದೆ.

2015ರಿಂದ ಬಿ.ಎಡ್ ಎರಡು ವರ್ಷದ ಕೋರ್ಸು. ಅದರಲ್ಲಿ 20 ವಾರ ಶಾಲೆಯಲ್ಲೇ ಇರಬೇಕು. ನನಗೆ ಸಿಕ್ಕಿದ್ದು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಆರನೇ ತರಗತಿ, ಗಣಿತ. ಮೊದಲ ವಾರ ರಾತ್ರಿ ಹನ್ನೆರಡರವರೆಗೆ ಕೂತು ಪಾಠಯೋಜನೆ ಬರೆದೆ, ಚಾರ್ಟು ಮಾಡಿದೆ. ಮಕ್ಕಳು ಎಲ್ಲಿಯವರೆಗೆ ಕಲಿತಿದ್ದಾರೆ ನೋಡೋಣ ಅಂತ ಹತ್ತು ಸುಲಭದ ಲೆಕ್ಕ ಕೊಟ್ಟೆ.

ಒಬ್ಬ ಹುಡುಗನ ನೋಟ್‌ಬುಕ್ಕಿನಲ್ಲಿ 52ರಲ್ಲಿ 28 ಕಳೆದರೆ 36 ಅಂತ ಇತ್ತು. ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ. ಕೆಳಗೆ 71ರಲ್ಲಿ 45 ಕಳೆದರೆ 34. ಅದಕ್ಕೂ ಸುತ್ತು. ಬೋರ್ಡಿನ ಮೇಲೆ ಇನ್ನೊಂದು ಸಲ ಹೇಳಿಕೊಟ್ಟೆ. "ಎರಡರಾಗ ಎಂಟು ಹೋಗೂದಿಲ್ಲ, ಪಕ್ಕದ ಮನ್ಯಾಗಿಂದ ಸಾಲ ತಗೋ." ನನಗೂ ಹಾಗೇ ಹೇಳಿಕೊಟ್ಟಿದ್ದರು. ಮರುದಿನ ಮತ್ತೆ ಅದೇ 36.

ಊಟದ ಬಿಡುವಿನಲ್ಲಿ ಅವನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡೆ. ಬೈಯಲಿಲ್ಲ. "ಇದನ್ನ ಹೆಂಗ ಮಾಡಿದಿ, ನನಗ ಹೇಳು" ಅಂದೆ. ಅವನು ಬೆರಳಿಟ್ಟು ತೋರಿಸಿದ. "ಎಂಟರಾಗ ಎರಡು ಹೋದ್ರ ಆರು. ಐದರಾಗ ಎರಡು ಹೋದ್ರ ಮೂರು." ಯಾಕೆ ತಿರುವಿ ಕಳೆದೆ ಅಂದರೆ, "ದೊಡ್ಡದರಾಗ ಸಣ್ಣದು ಕಳೀಬೇಕಲ್ರಿ ಟೀಚರ್" ಅಂದ.

ಆಗ ನೋಟ್‌ಬುಕ್ ಮತ್ತೆ ನೋಡಿದೆ. ಅವನ ತಪ್ಪುಗಳೆಲ್ಲ ಒಂದೇ ಜಾತಿಯವು. ಅವನು ಉಡಾಫೆ ಮಾಡಿರಲಿಲ್ಲ. ಯಾವಾಗಲೋ ಕಲಿತ ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದ. ನಾನು ಹಾಕಿದ ಕೆಂಪು ಸುತ್ತು ಅವನಿಗೆ ಏನೂ ಹೇಳಿರಲಿಲ್ಲ.

"ಮತ್ತ ನಾನು ಸಾಲ ತಗೋ ಅಂದಿದ್ನಲ್ಲ?" ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ತಲೆ ತಗ್ಗಿಸಿದ. ಆಮೇಲೆ, "ಸಾಲ ತಂದ್ರ ತಿರುಗಿ ಕೊಡ್ಬೇಕಲ್ರಿ. ಅದನ್ನ ಯಾವಾಗ ಕೊಡೂದ್ರಿ?" ಅಂದ.

ಅವನ ಅಪ್ಪ, ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವವರು. ಕೂಲಿಯವರನ್ನು ಕರೆದೊಯ್ಯುವ ಮುಕಾದಮನ ಹತ್ತಿರ ಮುಂಗಡ ತಂದು, ದೀಪಾವಳಿ ಹೊತ್ತಿಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ, ಯುಗಾದಿ ಸುಮಾರಿಗೆ ಬರುತ್ತಾರೆ. ಸಾಲ ಅಂದರೆ ಏನು ಅಂತ ಆ ಮಗುವಿಗೆ ನನಗಿಂತ ಚೆನ್ನಾಗಿ ಗೊತ್ತು. ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಈ ಲೆಕ್ಕದಲ್ಲಿ ಯಾರೂ ಸಾಲ ತರುವುದಿಲ್ಲ, 52 ಕೊನೆಯವರೆಗೂ 52 ಆಗಿಯೇ ಇರುತ್ತದೆ. ನಾವು ಟೀಚರ್‌ಗಳು ಸುಮ್ನೆ ಒಂದು ತಪ್ಪು ಮಾತನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತಾ ಬಂದಿದ್ದೇವೆ.

ಪರ್ಸಿನಿಂದ ಹತ್ತರ ಐದು ನೋಟು, ಒಂದರ ಎರಡು ನಾಣ್ಯ ತೆಗೆದು ಅವನ ಕೈಯಲ್ಲಿಟ್ಟೆ. "ನನಗ 28 ರೂಪಾಯಿ ಕೊಡು." ಎರಡು ನೋಟು ಕೊಟ್ಟ. ಎಂಟು ರೂಪಾಯಿಗೆ ನಿಂತ. "ಚಿಲ್ಲರ ಇಲ್ರಿ. ಹತ್ತು ಮುರಿಸ್ಬೇಕು." ಮುರಿಸು ಅಂದೆ. ಒಂದು ನೋಟು ಕೊಟ್ಟು ಹತ್ತು ನಾಣ್ಯ ತೆಗೆದುಕೊಂಡ. ಎಂಟು ಎಣಿಸಿ ನನಗೆ ಕೊಟ್ಟ. ಉಳಿದದ್ದು ಎಣಿಸಿದ, 24. ಎಣಿಸಿದ ಮೇಲೆ ನೋಟ್‌ಬುಕ್ ನೋಡಿದ, ನನ್ನ ಮುಖ ನೋಡಿದ. ನಾನು ಬಾಯಿ ಬಿಡಲಿಲ್ಲ. ಅವನೇ 36 ಹೊಡೆದು ಹಾಕಿ, 5ರ ಮೇಲೆ 4 ಬರೆದ, 2ರ ಮೇಲೆ 12 ಬರೆದ.

ಮೊದಲ ಸೆಮಿಸ್ಟರ್‌ನಲ್ಲಿ ವೈಗೋಟ್ಸ್ಕಿ ಬಗ್ಗೆ ಓದಿದ್ದೆವು. 1934ರಲ್ಲಿ ತೀರಿಕೊಂಡ ಸೋವಿಯತ್ ಮನಃಶಾಸ್ತ್ರಜ್ಞ ಅವರು. ಮಗು ಒಂಟಿಯಾಗಿ ಮಾಡಬಲ್ಲದ್ದು ಒಂದಿರುತ್ತದೆ, ಯಾರಾದರೂ ಜೊತೆಗಿದ್ದರೆ ಮಾಡಬಲ್ಲದ್ದು ಇನ್ನೊಂದಿರುತ್ತದೆ, ಇವೆರಡರ ನಡುವಿನ ಜಾಗದಲ್ಲೇ ಕಲಿಕೆ ಆಗೋದು ಅಂದವರು. ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೆದು ಬಂದಿದ್ದೆ. ಅದರ ಅರ್ಥ ತಿಳಿದದ್ದು ಆ ಕಟ್ಟೆಯ ಮೇಲೆ.

ಆ ಜಾಗ ಎಲ್ಲಿದೆ ಅಂತ ಮಗುವನ್ನೇ ಕೇಳಬೇಕು. ಅದಕ್ಕೆ ಪುರುಸೊತ್ತು ಬೇಕು. ನನ್ನ ಪಾಠ ನೋಡಲು ಬಂದ ಮಾರ್ಗದರ್ಶಕ ಮೇಡಂ ಒಂದು ಮಾತು ಹೇಳಿದರು: "ಪ್ರಶ್ನೆ ಕೇಳ್ತೀ, ಉತ್ತರಾನೂ ನೀನ ಹೇಳಿಬಿಡ್ತೀ." ನಿಜ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟಿದ್ದಾರೆ. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು ಮಾತ್ರ. ಮೂರು ಸೆಕೆಂಡ್ ಕಾದರೆ ಸಾಕು, ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವ ಮಕ್ಕಳೂ ಬಾಯಿ ಬಿಡುತ್ತಾರೆ.

ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಲು ಶುರು ಮಾಡಿದೆ. ಆ ಮೂರು ಸೆಕೆಂಡ್ ಎಷ್ಟು ಉದ್ದ ಅಂತ ನಿಂತವರಿಗೇ ಗೊತ್ತು. ತಾಂಡಾದಿಂದ ಬರುವ ಒಬ್ಬಳು ಹುಡುಗಿ ಇದ್ದಳು, ಒಂದು ತಿಂಗಳು ತುಟಿ ಬಿಚ್ಚಿರಲಿಲ್ಲ. ಕಾಯುತ್ತಾ ನಿಂತಾಗ ಅವಳ ತುಟಿ ಅಲ್ಲಾಡುವುದು ಕಂಡಿತು, ಹೆಬ್ಬೆರಳು ಬೆರಳಿನ ಗೆರೆಗಳ ಮೇಲೆ ಸರಿಯುತ್ತಿತ್ತು. ಅವಳ ಮನೆ ಮಾತು ಲಂಬಾಣಿ. ಲಂಬಾಣಿಯಲ್ಲಿ ಲೆಕ್ಕ ಮಾಡಿ ಕನ್ನಡಕ್ಕೆ ತರುತ್ತಿದ್ದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದಿನ ಬೆಂಚಿಗೆ ಹೋಗಿರುತ್ತಿದ್ದೆ. ಈಗ ಅವಳು ಉತ್ತರ ಹೇಳುತ್ತಾಳೆ, ಅದೂ ಕಾರಣ ಸಮೇತ.

"ಎರಡು ಬಿಗಿದ್ರ ಎಲ್ಲಾ ಬರ್ತೈತಿ" ಅನ್ನುವವರೂ ಇದ್ದಾರೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆಯನ್ನೂ ಕೊಡುವಂತಿಲ್ಲ. ಕಾಯ್ದೆ ಇರಲಿ. ಹೊಡೆದಿದ್ದರೆ ಆ ಹುಡುಗ "ಯಾವಾಗ ಕೊಡೂದ್ರಿ" ಅಂತ ನನ್ನನ್ನು ಕೇಳುತ್ತಿದ್ದನಾ?

ಎಲ್ಲವೂ ಟೀಚರ್ ಕೈಯಲ್ಲಿದೆ ಅಂತಲೂ ನಾನು ಈಗ ಹೇಳುವುದಿಲ್ಲ. ಈ ಮಕ್ಕಳು ಒಂದನೇ ತರಗತಿಗೆ ಹೆಸರು ಹಚ್ಚಿದ್ದು 2020ರಲ್ಲಿ, ಶಾಲೆ ಬಾಗಿಲು ಹಾಕಿದ್ದ ವರ್ಷ. ಆ ನಷ್ಟ ತುಂಬಲು 2022-23ರಲ್ಲಿ ಸರಕಾರ ಕಲಿಕಾ ಚೇತರಿಕೆ ಕಾರ್ಯಕ್ರಮ ತಂದಿತು. ಆ ಚಳಿಗಾಲ ಈ ಹುಡುಗ ಕಬ್ಬಿನ ಗದ್ದೆಯಲ್ಲಿ ತಂಗಿಯನ್ನು ಆಡಿಸುತ್ತಿದ್ದ. ಇದನ್ನು ತಿಳಿಯದೆ ಅವನನ್ನು ದಡ್ಡ ಅನ್ನೋದು ಅನ್ಯಾಯ ಅಲ್ವಾ?

ಹಾಗಾಗಿ ಈಗ ಯಾರಾದರೂ ಕೇಳಿದರೆ ನಾನು ಇಷ್ಟು ಹೇಳುತ್ತೇನೆ: ಇವತ್ತು ರಾತ್ರಿ ಅವನ ನೋಟ್‌ಬುಕ್ ತೆಗೆಯಿರಿ, ಒಂದು ತಪ್ಪು ಲೆಕ್ಕ ಹಿಡಿಯಿರಿ, "ಹೆಂಗ ಮಾಡಿದಿ" ಅಂತ ಕೇಳಿ. ಕೇಳಿ ಸುಮ್ಮನಿರಿ. ಸರಿ ಉತ್ತರಕ್ಕೂ ಹೀಗೇ ಕೇಳಿ, ಇಲ್ಲದಿದ್ದರೆ ಆ ಪ್ರಶ್ನೆ ಬಂತು ಅಂದರೆ ತಪ್ಪಾಗಿದೆ ಅಂತ ಮಕ್ಕಳು ಹೆದರುತ್ತಾರೆ.

ಇಂಟರ್ನ್‌ಶಿಪ್ ಮುಗಿಯುವ ವಾರ ಆ ಹುಡುಗನಿಗೆ 403ರಲ್ಲಿ 128 ಕಳೆಯಲು ಕೊಟ್ಟೆ. ನಡುವೆ ಸೊನ್ನೆ ಇರುವ ಲೆಕ್ಕ ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಪೆನ್ಸಿಲ್ ತುದಿ ಕಚ್ಚುತ್ತಾ ಕೂತ. "ಹತ್ತರ ನೋಟೇ ಇಲ್ಲಲ್ರಿ," ಅಂದ, ಆಮೇಲೆ ತನಗೆ ತಾನೇ, "ಮದ್ಲ ನೂರು ಮುರಿಸ್ಬೇಕು." 275 ಬರೆದ.

ಹೊರಡುವ ದಿನ ಅಲ್ಲಿನ ಗಣಿತದ ಸರ್‌ಗೆ ಒಂದು ನೋಟ್‌ಬುಕ್ ಕೊಟ್ಟು ಬಂದೆ. ಅದರಲ್ಲಿ ಮಾರ್ಕ್ಸ್ ಇಲ್ಲ. ಪ್ರತಿ ಮಗುವಿಗೆ ಒಂದು ಪುಟ, ಅದು ಲೆಕ್ಕವನ್ನು ಹೇಗೆ ಯೋಚಿಸುತ್ತದೆ ಅಂತ ಬರೆದಿದ್ದೇನೆ. ಆ ಹುಡುಗನ ಪುಟದಲ್ಲಿ ಮೊದಲ ಸಾಲು: "ಇವನಿಗೆ ಸಾಲ ಅನ್ನಬೇಡಿ, ಮುರಿಸೋದು ಅನ್ನಿ. ಯುಗಾದಿಗೆ ವಾಪಸ್ ಬಂದಾಗ ಭಾಗಾಕಾರದಿಂದ ಶುರು ಮಾಡಬಹುದು."